ನೀವು ಹಾಕುವ ಸೆಂಟು ನಿಮ್ಮ ಸ್ವಭಾವ ಹೇಳುತ್ತದೆಯೇ?

(ರಸಾಯನಶಾಸ್ತ್ರ ವಿಭಾಗದಿಂದ)



ಈ ಸಲದ ಲೇಖನಕ್ಕೆ ಕಾರಣ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿನಿ. ಅಮೈನ್‌ಗಳ ಪಾಠ ಮುಗಿಸಿ ಹೊರಡುವಾಗ ಅವಳು ಎದ್ದು ನಿಂತು ಕೇಳಿದಳು: "ಸರ್, ನಾವು ಯಾವ ಸೆಂಟು ಹಾಕ್ತೇವೆ ಅನ್ನುವುದರಿಂದ ನಮ್ಮ ಪರ್ಸನಾಲಿಟಿ ಗೊತ್ತಾಗುತ್ತದಂತೆ. ಹೌದಾ?" ಯಾರೋ ಸಂಬಂಧಿಕರು ಕಳಿಸಿದ ಪಟ್ಟಿಯೊಂದನ್ನು ಅವಳು ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದಳು. ಮಲ್ಲಿಗೆ ಇಷ್ಟಪಡುವವರು ಭಾವುಕರು, ನಿಂಬೆ ಕಿತ್ತಳೆಯ ಪರಿಮಳದವರು ಉತ್ಸಾಹಿಗಳು, ಊದ್ ಹಚ್ಚುವವರಲ್ಲಿ ನಾಯಕತ್ವದ ಗುಣ, ಗುಲಾಬಿಯವರು ನಂಬಿಕಸ್ಥರು, ಹೀಗೆ. ತರಗತಿಯ ಅರ್ಧದಷ್ಟು ಮಂದಿ ಆಗಲೇ ಅದನ್ನು ಓದಿ ತಮ್ಮ ತಮ್ಮ ಗುಣ ಹುಡುಕಿಕೊಂಡಾಗಿತ್ತು. ಊದ್ ಹಚ್ಚುವ ಹುಡುಗರು ಆ ವಾರ ಸ್ವಲ್ಪ ಎದೆ ಎತ್ತಿ ನಡೆಯುತ್ತಿದ್ದದ್ದು ನನಗೂ ಕಂಡಿತ್ತು, ಕಾರಣ ಮಾತ್ರ ತಿಳಿದಿರಲಿಲ್ಲ.

ಹೌದು, ಇಲ್ಲ ಎಂದು ಹೇಳುವ ಬದಲು ಒಂದು ಪ್ರಯೋಗ ಮಾಡೋಣ ಎಂದೆ. ಎಲ್ಲರೂ ತಾವು ಬಳಸುವ ಸೆಂಟು ಅಥವಾ ಅತ್ತರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕು, ಏನೂ ಬಳಸದವರು "ಏನೂ ಇಲ್ಲ" ಎಂದು ಬರೆಯಬೇಕು. ಸೋಮವಾರ ಪ್ರತಿಯೊಬ್ಬರಿಗೂ ಅವರ ರೋಲ್ ನಂಬರ್ ಹಾಕಿದ ಮಡಚಿದ ಕಾಗದ ಕೊಟ್ಟೆ. ಪಕ್ಕದವರಿಗೆ ತೋರಿಸದೆ ಓದಿ, ನಿಮಗೆ ಎಷ್ಟು ಹೊಂದುತ್ತದೆ ಎಂದು 0ಯಿಂದ 5ರ ಒಳಗೆ ಅಂಕ ಹಾಕಿ ಎಂದೆ. ಕಾಗದದಲ್ಲಿ ಇದ್ದದ್ದು ಇಷ್ಟು: "ನೀವು ಹೊರಗೆ ಧೈರ್ಯವಾಗಿ ಕಂಡರೂ ಕೆಲವು ವಿಷಯಗಳಲ್ಲಿ ಒಳಗೊಳಗೇ ಅಳುಕುತ್ತೀರಿ. ಎಲ್ಲರೊಡನೆ ಬೆರೆಯುತ್ತೀರಿ, ಆದರೆ ಒಮ್ಮೊಮ್ಮೆ ಒಬ್ಬರೇ ಇರಬೇಕು ಅನಿಸುತ್ತದೆ. ನಿಮ್ಮ ಶಕ್ತಿಯನ್ನು ನೀವಿನ್ನೂ ಪೂರ್ತಿ ಬಳಸಿಲ್ಲ. ನಿಮ್ಮ ಒಳ್ಳೆಯತನವನ್ನು ಕೆಲವರು ತಪ್ಪಾಗಿ ತಿಳಿದಿದ್ದಾರೆ."

ಹೆಚ್ಚಿನವರು 4 ಅಥವಾ 5 ಹಾಕಿದರು. ಒಬ್ಬಳು, "ಸರ್, ಕೊನೆಯ ವಾಕ್ಯ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿಯೂಬಿಟ್ಟಳು. ಆಮೇಲೆ ಕಾಗದಗಳನ್ನು ಅದಲು ಬದಲು ಮಾಡಿಕೊಳ್ಳಿ ಎಂದೆ. ಎಲ್ಲರಿಗೂ ಕೊಟ್ಟದ್ದು ಅದೇ ನಾಲ್ಕು ವಾಕ್ಯ. ಊದ್‌ನವರಿಗೂ, ಮಲ್ಲಿಗೆಯವರಿಗೂ, "ಏನೂ ಇಲ್ಲ" ಎಂದು ಬರೆದವರಿಗೂ.

ಈ ಪ್ರಯೋಗ ನನ್ನದಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳ ಮೇಲೆ ಮಾಡಿದ ಪರೀಕ್ಷೆ ಇದು. ಅವನು ಮೊದಲು ಅವರಿಂದ ಒಂದು ಪ್ರಶ್ನಾವಳಿ ತುಂಬಿಸಿದ, ನಂತರ ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ವಾಕ್ಯಗಳ ಒಂದೇ ವಿವರಣೆಯನ್ನು ಎಲ್ಲರಿಗೂ ಹಂಚಿದ. ಸರಾಸರಿ ಅಂಕ 5ಕ್ಕೆ 4.26. ಎಲ್ಲರಿಗೂ ಹೊಂದುವ ಮಾತನ್ನು ಮನುಷ್ಯ "ಇದು ನನಗೇ ಹೇಳಿದ್ದು" ಎಂದು ತೆಗೆದುಕೊಳ್ಳುತ್ತಾನೆ. ಅದರಲ್ಲಿ ಸ್ವಲ್ಪ ಹೊಗಳಿಕೆ ಬೆರೆತಿದ್ದರಂತೂ ಹೇಳುವುದೇ ಬೇಡ. ನಮ್ಮ ಹುಡುಗಿಯ ಪಟ್ಟಿಯನ್ನು ಈಗ ಮತ್ತೊಮ್ಮೆ ಓದಿ. ಅದರಲ್ಲಿ "ಸೋಮಾರಿ", "ಜಿಪುಣ", "ಮಾತು ತಪ್ಪುವವರು" ಎಂಬ ಪರಿಮಳವೇ ಇಲ್ಲ. ಗಿರಾಕಿಯನ್ನು ಬೈದು ಸೆಂಟು ಮಾರುವವರು ಯಾರು?

ಹಾಗಾದರೆ ಪರಿಮಳಕ್ಕೂ ಅದನ್ನು ಹಾಕಿದವರಿಗೂ ಸಂಬಂಧವೇ ಇಲ್ಲವೇ? ಇದೆ. ಆದರೆ ಪಟ್ಟಿ ಹೇಳುವ ದಿಕ್ಕಿನಲ್ಲಿ ಅಲ್ಲ. ಅದು ತಿಳಿಯಬೇಕಾದರೆ ಮೊದಲು ಬಾಟಲಿಯೊಳಗೆ ಏನಿದೆ ಎಂದು ನೋಡಬೇಕು.

ಬಾಟಲಿಯೊಳಗೆ

ಒಂದು ವಸ್ತುವಿನ ವಾಸನೆ ನಮಗೆ ಬರಬೇಕಾದರೆ ಅದರ ಅಣುಗಳು ಆವಿಯಾಗಿ ಮೂಗಿಗೆ ತಲುಪಬೇಕು. ಯಾವ ಅಣು ಬೇಗ ಆವಿಯಾಗುತ್ತದೆ, ಯಾವುದು ನಿಧಾನ ಎನ್ನುವುದನ್ನು ನೀವು ಆವಿಯ ಒತ್ತಡದ ಪಾಠದಲ್ಲಿ ಓದಿದ್ದೀರಿ. ಸೆಂಟು ತಯಾರಿಸುವವರ ಇಡೀ ವಿದ್ಯೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಕಿತ್ತಳೆ ಸಿಪ್ಪೆಯ ಲಿಮೊನೀನ್ ತೆಗೆದುಕೊಳ್ಳಿ. ಅದರ ಸೂತ್ರ C10H16, ಅಣುತೂಕ 136, ಕುದಿಬಿಂದು ಸುಮಾರು 176 ಡಿಗ್ರಿ. ಆಮ್ಲಜನಕವಿಲ್ಲದ ಹೈಡ್ರೊಕಾರ್ಬನ್ ಆದ್ದರಿಂದ ಅಣುಗಳ ನಡುವೆ ಹೈಡ್ರೊಜನ್ ಬಂಧವಿಲ್ಲ, ಹಿಡಿದಿಡುವವರು ಯಾರೂ ಇಲ್ಲದ ಹಾಗೆ ಹಾರಿಹೋಗುತ್ತದೆ. ಲ್ಯಾವೆಂಡರ್ ಮುಂತಾದವುಗಳಲ್ಲಿರುವ ಲಿನಲೂಲ್‌ನಲ್ಲಿ ಒಂದು OH ಗುಂಪು ಇದೆ, ಕುದಿಬಿಂದು ಸುಮಾರು 198. ನಮ್ಮ ಶ್ರೀಗಂಧದ ಸ್ಯಾಂಟಲಾಲ್ C15H24O, ಅಣುತೂಕ 220, ಕುದಿಬಿಂದು 300 ಡಿಗ್ರಿಯ ಮೇಲೆ. ಹಾಗಾಗಿ ಅಂಗಿಗೆ ಹೊಡೆದ ತಕ್ಷಣ ಬರುವ ನಿಂಬೆಯ ಘಮ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ನಡುವಿನ ಹೂವಿನ ಪರಿಮಳ ಕೆಲವು ಗಂಟೆ ಇರುತ್ತದೆ, ಗಂಧ, ಊದ್, ಕಸ್ತೂರಿಯಂಥವು ಮರುದಿನವೂ ಬಟ್ಟೆಯಲ್ಲಿ ಉಳಿಯುತ್ತವೆ.

ಇದರಿಂದ ಪಟ್ಟಿಗೆ ಮೊದಲ ಪೆಟ್ಟು ಬೀಳುತ್ತದೆ. ಬೆಳಿಗ್ಗೆ ಎಂಟಕ್ಕೆ ನಿಂಬೆ, ಹನ್ನೊಂದಕ್ಕೆ ಮಲ್ಲಿಗೆ, ಸಂಜೆಗೆ ಗಂಧ ಬೀರುವ ಒಂದೇ ಬಾಟಲಿಯನ್ನು ಹಾಕಿದವನು ಬೆಳಿಗ್ಗೆ ಉತ್ಸಾಹಿ, ಮಧ್ಯಾಹ್ನ ಭಾವುಕ, ಸಂಜೆ ನಾಯಕನೇ?

ಅತ್ತರಿನ ವಿಷಯ ಸ್ವಲ್ಪ ಬೇರೆ. ಉತ್ತರ ಪ್ರದೇಶದ ಕನ್ನೌಜ್‌ನಲ್ಲಿ ಈಗಲೂ ಹಳೆಯ ಪದ್ಧತಿಯಲ್ಲಿ ಅತ್ತರು ಇಳಿಸುತ್ತಾರೆ. 'ದೇಗ್' ಎಂಬ ದೊಡ್ಡ ತಾಮ್ರದ ಹಂಡೆಯಲ್ಲಿ ಹೂವು ಮತ್ತು ನೀರು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಸೌದೆಯ ಉರಿ ಕೊಡುತ್ತಾರೆ. ಆವಿಯು ಬಿದಿರಿನ ಕೊಳವೆಯ ಮೂಲಕ ತಣ್ಣೀರಿನಲ್ಲಿಟ್ಟ 'ಭಪ್ಕಾ' ಎಂಬ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಹೂವಿನ ಪರಿಮಳವನ್ನು ಹಿಡಿದು ಕೂರಿಸುವ ಕೆಲಸ ಅದರದ್ದು. ನಮ್ಮ ಲ್ಯಾಬಿನ ಬಟ್ಟಿ ಇಳಿಸುವ ಉಪಕರಣದಲ್ಲಿ ಗಾಜು ಇರುವಲ್ಲಿ ಅಲ್ಲಿ ತಾಮ್ರ ಮತ್ತು ಬಿದಿರು, ತತ್ವ ಅದೇ. ಉರಿ ಎಷ್ಟಿರಬೇಕು ಎನ್ನುವುದನ್ನು ಕಾರಿಗರು ಥರ್ಮಾಮೀಟರ್ ಇಲ್ಲದೆ ಕಿವಿ ಮತ್ತು ಕೈಯ ಅಂದಾಜಿನಲ್ಲೇ ತಿಳಿಯುತ್ತಾರೆ. ಶ್ರೀಗಂಧದ ಎಣ್ಣೆಯ ಬೆಲೆ ಏರಿದ ಮೇಲೆ ಅಗ್ಗದ ಎಣ್ಣೆಗಳನ್ನು ಬಳಸುವವರೂ ಹೆಚ್ಚಾಗಿದ್ದಾರೆ, ಪೇಟೆಯಲ್ಲಿ 50 ರೂಪಾಯಿಗೆ ಸಿಗುವ ಶೀಶೆಯಲ್ಲಿ ಗಂಧವನ್ನು ಹುಡುಕಬೇಡಿ.

ಈ ವಿದ್ಯೆಯನ್ನು ಪುಸ್ತಕಕ್ಕಿಳಿಸಿದವರಲ್ಲಿ ಒಂಬತ್ತನೇ ಶತಮಾನದ ಅಲ್-ಕಿಂದಿ ಮುಖ್ಯರು. ತತ್ವಶಾಸ್ತ್ರ, ಗಣಿತ ಎರಡರಲ್ಲೂ ಹೆಸರು ಮಾಡಿದ್ದ ಅವರು ಸುಗಂಧ ಮತ್ತು ಬಟ್ಟಿ ಇಳಿಸುವ ಬಗ್ಗೆ ನೂರಕ್ಕೂ ಹೆಚ್ಚು ವಿಧಾನಗಳ ಒಂದು ಗ್ರಂಥ ಬರೆದಿದ್ದಾರೆ. ದುಬಾರಿ ಸುಗಂಧಗಳಿಗೆ ಬದಲಿ ವಸ್ತು ಮಾಡುವ ವಿಧಾನಗಳೂ ಅದರಲ್ಲಿವೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅಂದರೆ ಕಲಬೆರಕೆ ನಮ್ಮ ಕಾಲದ್ದೇನಲ್ಲ. (ಆಲ್ಕೊಹಾಲ್ ಇರುವ ಸ್ಪ್ರೇ ಹಾಕಿ ನಮಾಝ್ ಮಾಡಬಹುದೇ ಎಂದು ಪ್ರತಿ ವರ್ಷ ಯಾರಾದರೂ ನನ್ನನ್ನು ಕೇಳುತ್ತೀರಿ. ಅದಕ್ಕೆ ಉಸ್ತಾದರ ಬಳಿ ಹೋಗಿ. ಎಥನಾಲ್‌ನ ಕುದಿಬಿಂದು 78 ಡಿಗ್ರಿ, ಅದು ಬೇಗ ಹಾರಿ ಪರಿಮಳವನ್ನು ಸುತ್ತ ಹರಡುತ್ತದೆ ಎನ್ನುವಷ್ಟು ಮಾತ್ರ ನನ್ನ ವಿಷಯ.)

ಮೂಗಿನೊಳಗೆ

ವಾಸನೆಯನ್ನು ಗುರುತಿಸುವ ಗ್ರಾಹಕಗಳನ್ನು ಕಂಡುಹಿಡಿದ ಕೆಲಸಕ್ಕೆ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಇವು ಅಣುವಿನ ಆಕಾರದ ಬಗ್ಗೆ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಕಾರ್ವೋನ್ ಒಳ್ಳೆಯ ಉದಾಹರಣೆ. ಅದರ ಎರಡು ಪ್ರತಿಬಿಂಬ ರೂಪಗಳಲ್ಲಿ ಒಂದು ಪುದೀನ ಜಾತಿಯ ಪರಿಮಳ ಕೊಡುತ್ತದೆ, ಇನ್ನೊಂದು ಸಬ್ಬಸಿಗೆ ಬೀಜದ ವಾಸನೆ. ಅಣುಸೂತ್ರ ಒಂದೇ, ಬಂಧಗಳು ಅವೇ, ಎಡಗೈ ಬಲಗೈ ಎನ್ನುವಷ್ಟೇ ವ್ಯತ್ಯಾಸ. ಕೈರಾಲಿಟಿ ಪಾಠದಲ್ಲಿ ಇದರಿಂದ ಪರೀಕ್ಷೆಗೆ ಏನು ಪ್ರಯೋಜನ ಎಂದು ಕೇಳಿದವರಿಗೆ ಇದು ಉತ್ತರ.

ಈ ಗ್ರಾಹಕಗಳು ಎಲ್ಲರಲ್ಲಿ ಒಂದೇ ರೀತಿ ಇಲ್ಲ. ಬೆವರಿನಲ್ಲಿರುವ ಆಂಡ್ರೊಸ್ಟೆನೋನ್ ಎಂಬ ವಸ್ತುವಿನ ವಾಸನೆ ಕೆಲವರಿಗೆ ಬರುವುದೇ ಇಲ್ಲ, ಕೆಲವರಿಗೆ ಮೂತ್ರದಂತೆ, ಇನ್ನು ಕೆಲವರಿಗೆ ಸಿಹಿಯಾಗಿ ಬರುತ್ತದೆ. ಇದರ ಹಿಂದೆ ಒಂದು ಗ್ರಾಹಕದ ಜೀನ್ ವ್ಯತ್ಯಾಸವಿದೆ ಎಂದು 2007ರಲ್ಲಿ ತೋರಿಸಲಾಯಿತು. ನಿಮ್ಮ ಪಕ್ಕ ಕುಳಿತವರ ಮೂಗಿಗೆ ಬರುವ ಸೆಂಟು ನಿಮ್ಮ ಮೂಗಿಗೆ ಬರುವ ಸೆಂಟೇ ಆಗಿರಬೇಕೆಂದಿಲ್ಲ.

ಇನ್ನೊಂದು ವಿಷಯ. ಕಣ್ಣು ಕಿವಿಗಳ ಸುದ್ದಿ ಮೆದುಳಿನ ಥಲಾಮಸ್ ಎಂಬ ಭಾಗವನ್ನು ದಾಟಿ ಮುಂದೆ ಹೋಗುತ್ತದೆ. ವಾಸನೆ ಮಾತ್ರ ಆ ದಾರಿ ಬಿಟ್ಟು ಭಾವನೆಯ ಕೇಂದ್ರವಾದ ಅಮಿಗ್ಡಲಾ ಮತ್ತು ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ಗಳ ಹತ್ತಿರಕ್ಕೆ ನೇರವಾಗಿ ತಲುಪುತ್ತದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ 1964ರಲ್ಲಿ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಗಳು 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಅದೇ ಲೇಖನದಲ್ಲಿ ಅವರು ಉತ್ತರ ಪ್ರದೇಶದ 'ಮಿಟ್ಟಿ ಅತ್ತರ್' ಬಗ್ಗೆಯೂ ಬರೆದಿದ್ದಾರೆ. ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಗಂಧದೆಣ್ಣೆಯಲ್ಲಿ ಹಿಡಿದಿಡುವ ಅತ್ತರು ಅದು. ಮಳೆಯ ವಾಸನೆಯನ್ನು ಹಚ್ಚಿಕೊಳ್ಳುವವರ ಸ್ವಭಾವ ಏನೆಂದು ಯಾವ ಪಟ್ಟಿ ಹೇಳೀತು? ಅವರು ಯಾವ ಊರಿನ ಯಾವ ಮಳೆ ನೆನೆಯುತ್ತಿದ್ದಾರೆ ಎನ್ನುವುದು ಅವರಿಗೇ ಗೊತ್ತು. ನಮ್ಮಲ್ಲಿ ಎಷ್ಟೋ ಮಂದಿಗೆ ಊದ್ ಎಂದರೆ ಗಲ್ಫಿನಿಂದ ಬಂದ ಮಾವನ ಪೆಟ್ಟಿಗೆ ತೆರೆದ ಸಂಜೆ, ಕೆಲವರಿಗೆ ಈದ್‌ನ ಬೆಳಿಗ್ಗೆ, ಕೆಲವರಿಗೆ ತೀರಿಹೋದ ಅಜ್ಜ ಜುಮಾಕ್ಕೆ ಹೊರಡುವ ಮುಂಚೆ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಅತ್ತರಿನ ಹತ್ತಿ. ಅದು ಅವರ ಜೀವನದ ಗುರುತು. ಸ್ವಭಾವದ ಗುರುತು ಅಲ್ಲ.

ಅಳತೆ ಮಾಡಿದವರು ಏನು ಕಂಡರು?

ಪೋಲೆಂಡಿನ ಆಗ್ನಿಯೆಷ್ಕಾ ಸೊರೊಕೊವ್ಸ್ಕಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. 113 ಮಂದಿಯಿಂದ ಎರಡೆರಡು ಮೈವಾಸನೆಯ ಮಾದರಿ ಪಡೆದರು. ಒಂದು ಸೆಂಟು, ಸೋಪು ಮುಂತಾದವುಗಳ ಪರಿಮಳವಿಲ್ಲದ್ದು, ಇನ್ನೊಂದು ದಿನನಿತ್ಯದಂತೆ ಎಲ್ಲ ಬಳಸಿದಾಗಿನದು. 67 ಮಂದಿ ಅವನ್ನು ಮೂಸಿ, ಈ ವ್ಯಕ್ತಿ ಎಷ್ಟು ಆತಂಕದವನು, ಎಷ್ಟು ಅಧಿಕಾರ ಚಲಾಯಿಸುವವನು, ಎಷ್ಟು ಬೆರೆಯುವವನು ಎಂದು ಅಂಕ ಕೊಟ್ಟರು. ಮಾದರಿ ಕೊಟ್ಟವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದರ ಜೊತೆ ಅದನ್ನು ಹೋಲಿಸಿದರು. ಅಧಿಕಾರ ಚಲಾಯಿಸುವ ಗುಣದಲ್ಲಿ ಪರಸ್ಪರ ಸಂಬಂಧಾಂಕ, ಅಂದರೆ ನೀವು ಸಂಖ್ಯಾಶಾಸ್ತ್ರದಲ್ಲಿ ಓದುವ ಕೋರಿಲೇಶನ್, ಬರಿ ಮೈವಾಸನೆಯಲ್ಲಿ 0.34 ಇತ್ತು. ಸುಗಂಧ ಸೇರಿದಾಗ 0.21ಕ್ಕೆ ಇಳಿಯಿತು. ಆತಂಕದ ಗುಣದಲ್ಲಿ 0.20 ಇದ್ದದ್ದು 0.15 ಆಯಿತು. ಬೆರೆಯುವ ಗುಣ ಎರಡರಲ್ಲೂ ಗೊತ್ತಾಗಲಿಲ್ಲ.

ಈ ಅಂಕಿಗಳನ್ನು ಕಣ್ಣಗಲಿಸಿ ಓದಬೇಡಿ. 0.34ರ ವರ್ಗ ಸುಮಾರು 0.12, 0.21ರ ವರ್ಗ ಸುಮಾರು 0.04. ಎಂದರೆ ಸ್ಥೂಲವಾಗಿ, ಜನರ ನಡುವಿನ ವ್ಯತ್ಯಾಸದಲ್ಲಿ 100ಕ್ಕೆ 12 ಪಾಲನ್ನು ಮೈವಾಸನೆ ಹೇಳಿತು, ಸುಗಂಧ ಬಳಸಿದ ಮೇಲೆ ಅದು 4 ಪಾಲಿಗೆ ಬಂತು. ಪಟ್ಟಿ ಹೇಳಿದ್ದಕ್ಕೆ ಇದು ಸರಿಯಾಗಿ ತಿರುಗುಮುರುಗು. ಮೈಯ ವಾಸನೆ ಪಿಸುಗುಟ್ಟುವ ಸಣ್ಣ ಸುದ್ದಿಯನ್ನೂ ಸೆಂಟು ಮುಚ್ಚುತ್ತದೆ. ಸುಗಂಧ ಬಳಸಿದಾಗಿನ ವಾಸನೆ ಹೆಚ್ಚು ಹಿತವಾಗಿದೆ ಎಂದು ಮೂಸಿದವರು ಹೇಳಿದ್ದೂ ಅಧ್ಯಯನದಲ್ಲಿದೆ. ನಾವು ಹಾಕುವುದೇ ಅದಕ್ಕಲ್ಲವೇ!

ಆದರೂ ಜನ ತಮಗೆ ಹೊಂದುವ ಸೆಂಟನ್ನೇ ಆರಿಸುತ್ತಾರೆ ಎನ್ನುವುದರಲ್ಲಿ ಸತ್ಯವಿದೆ. ಜೆಕ್ ಸಂಶೋಧಕರು 2012ರಲ್ಲಿ ತೋರಿಸಿದಂತೆ, ಒಬ್ಬ ತಾನೇ ಆರಿಸಿಕೊಂಡ ಸೆಂಟು ಅವನ ಮೈವಾಸನೆಯೊಡನೆ ಬೆರೆತಾಗ, ಬೇರೆಯವರು ಆರಿಸಿಕೊಟ್ಟ ಸೆಂಟಿಗಿಂತ ಹಿತವಾಗಿರುತ್ತದೆ. ಇಲ್ಲಿ ಹೊಂದಾಣಿಕೆ ಚರ್ಮದ ರಸಾಯನದೊಡನೆ. ಗೆಳೆಯನ ಮೈಮೇಲೆ ಚೆನ್ನಾಗಿದ್ದ ಸೆಂಟನ್ನು ದುಡ್ಡು ಕೊಟ್ಟು ತಂದು ನಿರಾಶರಾದವರಿಗೆ ಇದು ಗೊತ್ತು.

ಸೆಂಟು ನಿಜವಾಗಿ ಬದಲಿಸುವುದು ಹಾಕಿದವನನ್ನು. 2009ರಲ್ಲಿ ಬ್ರಿಟನ್ನಿನ ಕ್ರೇಗ್ ರಾಬರ್ಟ್ಸ್ ಮತ್ತು ಸಂಗಡಿಗರು ಯುವಕರ ಎರಡು ಗುಂಪು ಮಾಡಿ ಒಂದಕ್ಕೆ ಪರಿಮಳದ ಸ್ಪ್ರೇ, ಇನ್ನೊಂದಕ್ಕೆ ಪರಿಮಳವಿಲ್ಲದ್ದನ್ನು ಕೊಟ್ಟರು. ಕೆಲವು ದಿನಗಳ ನಂತರ ಪರಿಮಳ ಬಳಸಿದವರ ಆತ್ಮವಿಶ್ವಾಸ ಹೆಚ್ಚಿತ್ತು. ಅವರ ಮೂಕ ವಿಡಿಯೊಗಳನ್ನು ನೋಡಿದ ಮಹಿಳೆಯರು ಅವರನ್ನೇ ಹೆಚ್ಚು ಆಕರ್ಷಕರೆಂದರು. ವಿಡಿಯೊದಲ್ಲಿ ವಾಸನೆ ಬರುವುದಿಲ್ಲ! ಬರೀ ಫೋಟೊ ತೋರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅವರು ಕೂರುವ, ನೋಡುವ, ಮೈ ಆಡಿಸುವ ರೀತಿ ಬದಲಾಗಿತ್ತು. ನಮ್ಮ ಊದ್ ಹುಡುಗರು ಎದೆ ಎತ್ತಿ ನಡೆದದ್ದಕ್ಕೂ ಇಲ್ಲಿ ಕಾರಣ ಸಿಗಬಹುದು.

ಇಂಟರ್‌ವ್ಯೂಗೆ ಹೋಗುವವರಿಗೆ ಇನ್ನೊಂದು ಮಾತು. 1983ರಲ್ಲಿ ರಾಬರ್ಟ್ ಬ್ಯಾರನ್ ಮಾಡಿದ ಅಧ್ಯಯನದಲ್ಲಿ, ಸೆಂಟು ಹಾಕಿ ಬಂದ ಅಭ್ಯರ್ಥಿಗೆ ಪುರುಷ ಸಂದರ್ಶಕರು ಕಡಿಮೆ ಅಂಕ ಕೊಟ್ಟರು, ಮಹಿಳಾ ಸಂದರ್ಶಕರು ಹೆಚ್ಚು ಕೊಟ್ಟರು. ಅಭ್ಯರ್ಥಿಯ ಸೆಂಟು ಅಭ್ಯರ್ಥಿಯ ಬಗ್ಗೆ ಹೇಳಿದ್ದಕ್ಕಿಂತ ಎದುರು ಕುಳಿತವರ ಬಗ್ಗೆ ಹೇಳಿದ್ದೇ ಹೆಚ್ಚು.

ನಾನು ಎದುರು ಕುಳಿತಿದ್ದಾಗ

ಎದುರು ಕುಳಿತವರು ಎಂದಾಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ, ಬೇರೊಂದು ಕಡೆ ಪಾಠ ಮಾಡುತ್ತಿದ್ದಾಗ, ಒಬ್ಬ ಹುಡುಗನ ಬಟ್ಟೆಯಿಂದ ಮೀನಿನ ವಾಸನೆ ಬರುತ್ತಿತ್ತು. ಅವನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಶಿಸ್ತಿಲ್ಲದವನು, ಸ್ನಾನಕ್ಕೂ ಸೋಮಾರಿ ಎಂದು ನಾನು ತೀರ್ಮಾನಿಸಿದ್ದೆ. ಒಂದು ದಿನ ಎಲ್ಲರ ಮುಂದೆ, "ಬರುವಾಗ ಸ್ವಲ್ಪ ಸೆಂಟಾದರೂ ಹಾಕಿಕೊಂಡು ಬಾ ಮಾರಾಯ" ಎಂದೆ. ತರಗತಿ ನಕ್ಕಿತು. ಮರುದಿನ ಅವನು ಹಾಕಿಕೊಂಡು ಬಂದ. ಅಗ್ಗದ ಸ್ಪ್ರೇ ಮತ್ತು ಮೀನು ಸೇರಿ ಮೊದಲಿಗಿಂತ ಕೆಟ್ಟದಾಯಿತು, ನಗು ಇನ್ನಷ್ಟಾಯಿತು. ಮೂರನೆಯ ದಿನದಿಂದ ಅವನು ಬರಲಿಲ್ಲ.

ಹಾಜರಿ ಕಡಿಮೆಯಾಯಿತೆಂದು ಮನೆ ಹುಡುಕಿಕೊಂಡು ಹೋದಾಗ ತಿಳಿಯಿತು. ಬೆಳಗಿನ ಜಾವ ಮೂರೂವರೆಗೆ ಅವನು ದಕ್ಕೆಗೆ ಹೋಗುತ್ತಿದ್ದ. ದೋಣಿಯಿಂದ ಬಂಗುಡೆ, ಬೂತಾಯಿಯ ಬುಟ್ಟಿ ಇಳಿಸಿ, ಮನೆಗೆ ಬಂದು ಸ್ನಾನ ಮಾಡಿ, ಬಸ್ಸು ಹಿಡಿದು ಒಂಬತ್ತಕ್ಕೆ ನನ್ನ ತರಗತಿಯಲ್ಲಿ ಇರುತ್ತಿದ್ದ. ಸ್ನಾನ ಅವನು ನನಗಿಂತ ಮೊದಲೇ ಮಾಡುತ್ತಿದ್ದ. ಕೆಲಸದ ಬಟ್ಟೆಯೂ ಕಾಲೇಜಿನ ಬಟ್ಟೆಯೂ ಒಂದೇ ಸಣ್ಣ ಕೋಣೆಯ ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು, ಅಷ್ಟೇ. ಅವನ ಉಮ್ಮ ನನಗೆ ಚಹಾ ಕೊಟ್ಟು, "ಸಾರ್, ಇವ ಓದುವುದರಲ್ಲಿ ಹೇಗೆ?" ಎಂದು ಕೇಳಿದರು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಅವನ ಓದನ್ನು ನಾನು ನೋಡಿಯೇ ಇರಲಿಲ್ಲ.

ಆ ವಾಸನೆಯ ರಸಾಯನವನ್ನೂ ಅವನ ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಕಡಲ ಮೀನಿನಲ್ಲಿರುವ ಟ್ರೈಮಿಥೈಲ್ ಅಮೈನ್ ಆಕ್ಸೈಡ್‌ಗೆ ವಾಸನೆಯಿಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮಿಥೈಲ್ ಅಮೈನ್ ಆಗಿ ಒಡೆಯುತ್ತವೆ. ಅದರ ಕುದಿಬಿಂದು ಸುಮಾರು 3 ಡಿಗ್ರಿ, ಹಾಗಾಗಿ ಬಹಳ ಕಡಿಮೆ ಇದ್ದರೂ ಮೂಗಿಗೆ ಬರುತ್ತದೆ. ಅದು ಪ್ರತ್ಯಾಮ್ಲ. ಆಮ್ಲ ಸೇರಿದರೆ ಹಾರದ ಲವಣವಾಗುತ್ತದೆ. ಸೆಂಟು ಪ್ರತ್ಯಾಮ್ಲದ ಜೊತೆ ಏನೂ ಮಾಡುವುದಿಲ್ಲ, ಮೇಲೆ ಇನ್ನೊಂದು ವಾಸನೆ ಹೊದೆಸುತ್ತದೆ. ಅವನಿಗೆ ಬೇಕಾಗಿದ್ದದ್ದು ಕೊನೆಯ ನೀರಿಗೆ ಎರಡು ಚಮಚ ವಿನೆಗರ್. ಅದನ್ನು ಅವನ ಮನೆಯಲ್ಲಿ ಹೇಳಿದಾಗ ಉಮ್ಮ ನಕ್ಕು, ಮೀನು ಕೊಯ್ದ ಕೈಯನ್ನು ಹುಳಿ ಹಾಕಿ ತೊಳೆಯುವುದು ನಮಗೆ ಗೊತ್ತಿಲ್ಲವಾ, ಬಟ್ಟೆಗೂ ಆಗುತ್ತದೆಂದು ಯೋಚಿಸಲಿಲ್ಲ ಎಂದರು. ಹುಡುಗ ಮತ್ತೆ ಬಂದ. ನಾನು ಅದೇ ತರಗತಿಯಲ್ಲಿ, ಎಲ್ಲರ ಮುಂದೆಯೇ, ಅವನ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿಕೊಂಡೇ ಇದ್ದ. ಆ ವರ್ಷ ಪೂರ್ತಿ ಹಿಂದಿನ ಬೆಂಚನ್ನು ಬಿಟ್ಟು ಮುಂದೆ ಬರಲಿಲ್ಲ.

ಒಳ್ಳೆಯ ಗೆಳೆಯನನ್ನು ಕಸ್ತೂರಿ ಮಾರುವವನಿಗೆ ಹೋಲಿಸುವ ಹದೀಸ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಅವನ ಹತ್ತಿರ ಕುಳಿತರೆ ಕೊಳ್ಳದಿದ್ದರೂ ಪರಿಮಳವಾದರೂ ಸಿಗುತ್ತದೆ. ಆ ಹೋಲಿಕೆಯಲ್ಲಿ ಪರಿಮಳ ಎಂದರೆ ಒಬ್ಬರ ಸಹವಾಸದಿಂದ ಇನ್ನೊಬ್ಬರಿಗೆ ಸಿಗುವುದು. ಆ ವರ್ಷ ನನ್ನ ತರಗತಿಯಲ್ಲಿ ಹತ್ತಿರ ಕೂರುವವರೇ ಇರಲಿಲ್ಲ.

ಮಾಡಿ ನೋಡಿ

ಮುಂದಿನ ಶನಿವಾರ ಲ್ಯಾಬಿನಲ್ಲಿ ಎರಡು ಕೆಲಸ. ಫಿಲ್ಟರ್ ಪೇಪರನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ತನ್ನಿ. ಒಂದಕ್ಕೆ ಕಿತ್ತಳೆ ಸಿಪ್ಪೆ ಹಿಂಡಿ, ಒಂದಕ್ಕೆ ನಿಮ್ಮ ಸ್ಪ್ರೇ, ಒಂದಕ್ಕೆ ಅತ್ತರು ಹಚ್ಚಿ. ಐದು ನಿಮಿಷಕ್ಕೆ, ಒಂದು ಗಂಟೆಗೆ, ಮರುದಿನ ಬೆಳಿಗ್ಗೆ ಮೂಸಿ ಏನು ಉಳಿಯಿತು ಎಂದು ಬರೆಯಿರಿ. ನಡುನಡುವೆ ಹೊರಗೆ ಹೋಗಿ ಗಾಳಿ ತೆಗೆದುಕೊಳ್ಳಿ, ಏಕೆಂದರೆ ಮೂಗು ಕೆಲವೇ ನಿಮಿಷದಲ್ಲಿ ಒಂದೇ ವಾಸನೆಗೆ ಒಗ್ಗಿಹೋಗುತ್ತದೆ. ತನ್ನ ಸೆಂಟು ತನಗೆ ಬರುತ್ತಿಲ್ಲವೆಂದು ಕೆಲವರು ಬಸ್ಸಿನಲ್ಲಿ ಮತ್ತೆ ಮತ್ತೆ ಹೊಡೆದುಕೊಳ್ಳುವುದೂ ಇದರಿಂದಲೇ. ಪಕ್ಕದವರ ತಲೆನೋವು ಅವರಿಗೆ ತಿಳಿಯುವುದಿಲ್ಲ.

ಎರಡನೆಯದು ತರಗತಿಗೆಲ್ಲ ಸೇರಿ. ಹತ್ತು ಮಂದಿ ತಮ್ಮ ಸೆಂಟು ಹಚ್ಚಿದ ಪಟ್ಟಿಯನ್ನು ಮುಚ್ಚಳವಿರುವ ಸೀಸೆಯಲ್ಲಿ ಹಾಕಿ ಕೊಡಲಿ. ಉಳಿದವರು ಮೂಸಿ ಈ ಸೆಂಟಿನವರು ಮಾತುಗಾರರೋ ಮೌನಿಗಳೋ ಎಂದು ಬರೆಯಲಿ. ಕೊಟ್ಟವರು ತಮ್ಮ ಬಗ್ಗೆ ಮೊದಲೇ ಬರೆದಿಟ್ಟಿರಬೇಕು. ಸಂಖ್ಯಾಶಾಸ್ತ್ರದವರು ಕೋರಿಲೇಶನ್ ಲೆಕ್ಕ ಹಾಕಿ ಕೊಡಲಿ. ಸೀಸೆಯ ಮೇಲೆ ಹೆಸರು ಬೇಡ, ನಂಬರ್ ಸಾಕು. ಉಬ್ಬಸ ಇರುವವರು ಲೆಕ್ಕದ ಗುಂಪಿಗೆ ಸೇರಿಕೊಳ್ಳಿ. ಸ್ಪ್ರೇಯಲ್ಲಿ ಎಥನಾಲ್ ಇರುವುದರಿಂದ ಆ ಎರಡು ಗಂಟೆ ಬರ್ನರ್ ಹಚ್ಚುವಂತಿಲ್ಲ.